ಅಪ್ಪ-ಅಮ್ಮನ ಗ್ರೀನ್ ಕಾರ್ಡ್: ಅರ್ಜಿಗೂ ಮುಂಚೆ ಹಾಕಿದ ಲೆಕ್ಕ

ಅಮೆರಿಕದ ಪೌರತ್ವ ಇದ್ದು, 21 ತುಂಬಿದ್ದರೆ ಅಪ್ಪ-ಅಮ್ಮನಿಗಾಗಿ ಅರ್ಜಿ ಹಾಕುವ ಐ-130 ಫಾರಂ ತುಂಬುವುದು ಒಂದು ಸಂಜೆಯ ಕೆಲಸ. ಅದಕ್ಕೇ ಅದನ್ನು ಕೊನೆಗೆ ಇಟ್ಟುಕೊಂಡೆ.

ಮೊದಲು ತೆಗೆದದ್ದು ಕ್ಯಾಲೆಂಡರ್. ವರ್ಷದಲ್ಲಿ ನಿಜಕ್ಕೂ ಎಷ್ಟು ತಿಂಗಳು ಇಲ್ಲಿರುತ್ತಾರೆ? ನಾಲ್ಕೈದು ಅಂದರೆ ವಿಸಿಟರ್ ವೀಸಾನೇ ವಾಸಿ. ಗ್ರೀನ್ ಕಾರ್ಡ್ ಇಟ್ಟುಕೊಂಡು ಊರಲ್ಲೇ ಕೂತರೆ, ಆರು ತಿಂಗಳು ದಾಟಿದಾಗ ಏರ್‌ಪೋರ್ಟಿನಲ್ಲಿ ಪ್ರಶ್ನೆ ಏಳುತ್ತದೆ. ವರ್ಷ ದಾಟಿದರೆ ಕಾರ್ಡ್ ಒಂದನ್ನೇ ನಂಬಿ ವಿಮಾನ ಹತ್ತುವಂತಿಲ್ಲ. ಮರಳಿ ಬರಲು ಬಿಡುವ ರೀ-ಎಂಟ್ರಿ ಪರ್ಮಿಟ್ ಎರಡು ವರ್ಷದವರೆಗೆ ಕಾಪಾಡುತ್ತದೆ, ಆದರೆ ಅರ್ಜಿ ಹಾಕುವ ದಿನ ಅವರು ಅಮೆರಿಕದೊಳಗೇ ಇರಬೇಕು. ಐ-130 ಹಾಕಿದ ಮೇಲೆ ವಿಸಿಟರ್ ವೀಸಾ ಕೇಳಲು ಹೋದರೆ 'ವಾಪಸ್ ಹೋಗ್ತೀವಿ' ಅನ್ನುವುದನ್ನು ನಂಬಿಸುವುದೂ ಕಷ್ಟ. ಹಾಕಿ ನೋಡೋಣ, ಬೇಡವಾದರೆ ಬಿಡೋಣ ಅನ್ನುವ ಬಾಬತ್ತಲ್ಲ ಇದು.

ಎರಡನೆಯದು ಆರೋಗ್ಯ ವಿಮೆ. ಹೆಚ್ಚಿನವರು ಎಡವುವುದು ಇಲ್ಲೇ. 65 ದಾಟಿದ್ದರೂ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ಸಿಗುವುದು ಐದು ವರ್ಷ ಸತತ ವಾಸದ ನಂತರ. ಇಲ್ಲಿ 40 ಕ್ವಾರ್ಟರ್, ಅಂದರೆ ಹತ್ತು ವರ್ಷ, ದುಡಿಯದವರಿಗೆ ಅದರ ಪಾರ್ಟ್ ಎ (ಆಸ್ಪತ್ರೆ ಖರ್ಚಿನದು) ಪುಕ್ಕಟೆಯೂ ಅಲ್ಲ: ಇಲ್ಲಿ ದುಡಿದೇ ಇಲ್ಲದವರಿಗೆ 2025ರಲ್ಲಿ ಅದು ತಲಾ ತಿಂಗಳಿಗೆ 518 ಡಾಲರ್ ಇತ್ತು, ಪಾರ್ಟ್ ಬಿ (ಡಾಕ್ಟರ್ ಖರ್ಚಿನದು) 185. ಅಲ್ಲಿಯವರೆಗೆ ಸರ್ಕಾರದ ವಿಮಾ ತಾಣವಾದ ಮಾರ್ಕೆಟ್‌ಪ್ಲೇಸ್ ಪಾಲಿಸಿಯೇ ಗತಿ. ಬಂದ 60 ದಿನದೊಳಗೆ ಸೇರಿಸದಿದ್ದರೆ ಮುಂದಿನ ನೋಂದಣಿ ಅವಧಿಗೆ ಕಾಯಬೇಕು. ಇಬ್ಬರ ವಯಸ್ಸು ಹಾಕಿ ಪ್ರೀಮಿಯಂ ನೋಡಿ, ಅದನ್ನು 60 ತಿಂಗಳಿಂದ ಗುಣಿಸಿ. ಆ ಮೊತ್ತ ಕಣ್ಣೆದುರು ಇಲ್ಲದೆ ತೀರ್ಮಾನ ಬೇಡ.

ಅವರ ಖರ್ಚಿಗೆ ನಾನು ಹೊಣೆ ಎನ್ನುವ ಐ-864 ಫಾರಂ ಬರೀ ಸಹಿಯಲ್ಲ, ಕರಾರು. ನಿಮ್ಮ ಮನೆಮಂದಿ ನಾಲ್ಕು, ಬರುವವರು ಇಬ್ಬರು ಅಂದರೆ ಆರು ಜನರ ಬಡತನ ರೇಖೆಯ 125% ಆದಾಯ ತೋರಿಸಬೇಕು. 8,000 ಡಾಲರ್ ಕಮ್ಮಿ ಬಿದ್ದರೆ ಅದರ ಐದು ಪಟ್ಟು, 40,000 ಡಾಲರ್ ಆಸ್ತಿಯಿಂದ ತುಂಬಬಹುದು. ಅಪ್ಪ-ಅಮ್ಮನ ಜೊತೆ ಮನಸ್ತಾಪವಾಯಿತೆಂದು ಈ ಹೊಣೆ ಕಳಚುವುದಿಲ್ಲ.

ಊರಿನ ದುಡ್ಡಿನ ಕಡೆ ಯಾರೂ ನೋಡುವುದಿಲ್ಲ. ಕಾರ್ಡ್ ಬಂದ ಮೇಲೆ ಅಪ್ಪನ ಪೆನ್ಷನ್, ಬಾಡಿಗೆ, ಎಫ್‌ಡಿ ಬಡ್ಡಿ ಎಲ್ಲವನ್ನೂ ಅಮೆರಿಕದ ರಿಟರ್ನಿನಲ್ಲಿ ತೋರಿಸಬೇಕು. ಖಾತೆಗಳೆಲ್ಲ ಸೇರಿ ಒಂದು ದಿನ 10,000 ಡಾಲರ್ ದಾಟಿದರೂ ವಿದೇಶಿ ಖಾತೆಗಳ ವರದಿಯಾದ ಎಫ್‌ಬಾರ್ ಸಲ್ಲಿಸಬೇಕು. ಮ್ಯೂಚುವಲ್ ಫಂಡ್‌ಗೆ ಫಾರಂ 8621ರ ತಲೆನೋವು ಬೇರೆ. ಹೊರಡುವ ಮೊದಲೇ ಮಾರುವುದು ಜಾಣತನ. ಉಳಿತಾಯ ಖಾತೆ ಅನಿವಾಸಿಗಳ ಎನ್‌ಆರ್‌ಓ ಆಗಬೇಕು. ಇರುವ ಕೃಷಿ ಜಮೀನು ಇಟ್ಟುಕೊಳ್ಳಬಹುದು, ಹೊಸದಾಗಿ ಕೊಳ್ಳುವಂತಿಲ್ಲ.

ಇಷ್ಟಾದ ಮೇಲೂ ಸರಿ ಅನ್ನಿಸಿದರೆ ಕಾಗದಪತ್ರ. ಅಪ್ಪನಿಗೊಂದು, ಅಮ್ಮನಿಗೊಂದು ಬೇರೆ ಬೇರೆ ಐ-130. ಅವರ ಬೆನ್ನಿಗೆ ತಮ್ಮನೋ ತಂಗಿಯೋ ಬರಲಾಗದು. ಅಪ್ಪನ ಅರ್ಜಿಗೆ ಅವರ ಮದುವೆ ಪತ್ರವೂ ಬೇಕು. ನಿಮ್ಮ ಜನನ ಪತ್ರದಲ್ಲಿ ಅಮ್ಮ 'ಸಾವಿತ್ರಮ್ಮ', ಪಾಸ್‌ಪೋರ್ಟಿನಲ್ಲಿ 'ಸಾವಿತ್ರಿ', ಅದರ ಮುಂದೆ ಗಂಡನ ಹೆಸರು. ಅಪ್ಪನ ಇನಿಷಿಯಲ್ ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಕುಗ್ಗಿರುತ್ತದೆ. ಎರಡು ಹೆಸರೂ ಒಬ್ಬರದೇ ಎಂದು ಅಫಿಡವಿಟ್ ಮೊದಲೇ ಮಾಡಿಸಿ. ಅವರ ಸ್ವಂತ ಜನನ ದಾಖಲೆ ಸಿಗದಿದ್ದರೆ 'ಲಭ್ಯವಿಲ್ಲ' ಪ್ರಮಾಣಪತ್ರ, ಶಾಲೆಯ ದಾಖಲೆ, ಜೊತೆಗೆ ಹುಟ್ಟನ್ನು ಬಲ್ಲ ಹಿರಿಯರ ಅಫಿಡವಿಟ್. ಎಪ್ಪತ್ತೈದರ ಅಪ್ಪನಿಗಿಂತ ದೊಡ್ಡವರು ಎಷ್ಟು ಜನ ಉಳಿದಿರುತ್ತಾರೆ? ಆ ಸಹಿಯನ್ನು ಮಾತ್ರ, ತೀರ್ಮಾನ ಏನೇ ಆಗಲಿ, ಮುಂದಿನ ಸಲ ಊರಿಗೆ ಹೋದಾಗಲೇ ಹಾಕಿಸಿಕೊಳ್ಳಿ.