ಎದೆನೋವು ಬಂದಾಗ ಹೃದಯದ ಕಾವಲಿಗೆ ನೆರವಾಗುವುದು ಹೇಗೆ?

ಶಿಡ್ಲಘಟ್ಟ, ಚಿಂತಾಮಣಿ ಕಡೆ ಸಾವಿರ ಅಡಿ ಕೊರೆಸಿ ಮೋಟರ್ ಇಳಿಸಿದ ರೈತರಿಗೆ ಪ್ಯಾನೆಲ್ ಬೋರ್ಡಿನ ಬೆಲೆ ಗೊತ್ತು. ನೀರು ಬತ್ತಿದ ಮೇಲೂ ಮೋಟರ್ ಓಡಿದರೆ ಸುಟ್ಟುಹೋಗುತ್ತದೆ. ಅದಕ್ಕೆ ಮುಂಚೆಯೇ ನಿಲ್ಲಿಸುವ ಸಾಧನ ಬೋರ್ಡಿನಲ್ಲಿರುತ್ತದೆ. ಹೃದಯದ ಜೀವಕೋಶಗಳ ಹೊರಪೊರೆಯಲ್ಲೂ ಅಂಥ ಏರ್ಪಾಡಿದೆ. ವೈದ್ಯರು ರಿಸೆಪ್ಟರ್ ಎನ್ನುವ ಈ ಗ್ರಾಹಿಗಳು ಹೊರಗಿನ ರಾಸಾಯನಿಕ ಸಂದೇಶವನ್ನು ಹಿಡಿದು ಒಳಗೆ ಮುಟ್ಟಿಸುತ್ತವೆ.

ರಕ್ತನಾಳ ಕಟ್ಟಿಕೊಂಡಾಗ ಜೀವಕೋಶದ ಇಂಧನವಾದ ಎಟಿಪಿ ಒಡೆಯುತ್ತಾ ಹೋಗಿ ಅಡೆನೊಸಿನ್ ಎಂಬ ವಸ್ತು ಉಳಿಯುತ್ತದೆ. ಅದು ಹೊರಗೆ ಬಂದು ತನ್ನ ಗ್ರಾಹಿಗೆ ಅಂಟಿಕೊಂಡರೆ, ‘ಇಂಧನ ಮುಗಿಯುತ್ತಿದೆ, ಕೆಲಸ ತಗ್ಗಿಸು’ ಎಂಬ ಸೂಚನೆ ಒಳಗೆ ತಲುಪಿದಂತೆ. 1986ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಮರ್ರಿ, ಜೆನ್ನಿಂಗ್ಸ್, ರೈಮರ್ ಅವರು ನಾಯಿಗಳ ಹೃದಯದ ರಕ್ತನಾಳವನ್ನು 5 ನಿಮಿಷದಂತೆ ನಾಲ್ಕು ಸಲ ಮುಚ್ಚಿ ತೆರೆದರು. ನಂತರ 40 ನಿಮಿಷ ಮುಚ್ಚಿಟ್ಟರು. ಹೀಗೆ ಮೊದಲೇ ಪಳಗಿದ ಹೃದಯಗಳಲ್ಲಿ ಸತ್ತ ಸ್ನಾಯು, ಪಳಗದವುಗಳಲ್ಲಿ ಸತ್ತುದರ ಕಾಲು ಭಾಗ ಮಾತ್ರ! ಈ ರಕ್ಷಣೆಯ ಹಿಂದೆ ಅಡೆನೊಸಿನ್ ಗ್ರಾಹಿಯ ಕೈಯಿದೆ ಎಂಬುದು 1991ರಲ್ಲಿ ಮೊಲಗಳ ಪ್ರಯೋಗದಿಂದ ತಿಳಿಯಿತು.

ಹೋದ ಕರೆಂಟು ತಟ್ಟನೆ ಬಂದಾಗಲೂ ಮೋಟರಿಗೆ ಅಪಾಯವಿರುತ್ತದೆ. ಹೃದಯಕ್ಕೂ ಹಾಗೆಯೇ. ನಿಂತ ರಕ್ತ ಮತ್ತೆ ಹರಿಯತೊಡಗಿದ ಮೊದಲ ನಿಮಿಷಗಳಲ್ಲಿ, ಜೀವಕೋಶದೊಳಗೆ ಇಂಧನ ತಯಾರಿಸುವ ಮೈಟೋಕಾಂಡ್ರಿಯಾದ ಪೊರೆಯಲ್ಲಿ ರಂಧ್ರ ತೆರೆದುಕೊಂಡರೆ ಜೀವಕೋಶ ಸಾಯುತ್ತದೆ. ಗ್ರಾಹಿಗಳಿಂದ ಹೊರಟ ಸಂದೇಶ ಕೊನೆಗೆ ತಡೆಯಲು ನೋಡುವುದು ಈ ರಂಧ್ರವನ್ನೇ.

ಇಷ್ಟೆಲ್ಲ ಇದ್ದರೂ ಕಾವಲಿಗೆ ಮಿತಿಯಿದೆ. ರಕ್ತ ಪೂರ್ತಿ ನಿಂತರೆ ಸುಮಾರು 20 ನಿಮಿಷಗಳಲ್ಲೇ ಸ್ನಾಯು ಸಾಯತೊಡಗುತ್ತದೆ. ಆದ್ದರಿಂದ ನಮ್ಮ ಕೆಲಸ ಹೀಗಿರಲಿ.

ಮೊದಲನೆಯದು, ಕೆಲಸ ನಿಲ್ಲಿಸಿ ಕುಳಿತುಕೊಳ್ಳುವುದು. ಎದೆ ಹಿಂಡಿದಂತಾಗಿ ನೋವು ತೋಳಿಗೋ ದವಡೆಗೋ ಹರಡಿದರೆ, ತಣ್ಣನೆ ಬೆವರು ಕಿತ್ತುಕೊಂಡರೆ, ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಸೋಡಾ ಕುಡಿದು ಬೆಳಗಾಗಲೆಂದು ಕಾಯಬೇಡಿ. ನಮ್ಮ ಊರುಗಳಲ್ಲಿ ಈ ಒಂದು ಮಾತು ತೆಗೆದುಕೊಂಡಿರುವ ಜೀವಗಳನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ನಡೆಯುವುದು, ಮೆಟ್ಟಿಲು ಹತ್ತುವುದು, ಬೈಕ್ ಓಡಿಸುವುದು ಯಾವುದೂ ಬೇಡ. ಗ್ರಾಹಿಗಳು ತಗ್ಗಿಸಲು ನೋಡುತ್ತಿರುವ ಕೆಲಸವನ್ನು ನಾವು ಹೆಚ್ಚಿಸಿದಂತಾಗುತ್ತದೆ.

ಎರಡನೆಯದು, 108ಕ್ಕೆ ಕರೆ ಮಾಡಿ ಹತ್ತಿರದ ಇಸಿಜಿ ಇರುವ ಆಸ್ಪತ್ರೆಗೆ ಹೋಗುವುದು. ‘ನೇರ ಬೆಂಗಳೂರಿಗೇ ಹೋಗೋಣ’ ಎಂದು ಕಾರು ಹೊರಡಿಸುವವರೇ ಹೆಚ್ಚು. ರಾಜ್ಯ ಸರ್ಕಾರದ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ಹೃದ್ರೋಗ ತಜ್ಞರು ನೋಡುತ್ತಾರೆ. ಅಗತ್ಯವಿದ್ದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಅಲ್ಲೇ ಉಚಿತವಾಗಿ ಸಿಗುತ್ತದೆ. ಬೆಂಗಳೂರಿನ ದಾರಿ ಆಮೇಲೆ.

ಬಿಪಿ ಪಟ್ಟಿಯನ್ನು ತೋಳಿಗೆ ಬಿಗಿದು ಬಿಟ್ಟು ಮಾಡಿದರೆ ಹೃದಯ ಪಳಗುತ್ತದೆ ಎಂದು ಯಾರಾದರೂ ಹೇಳಿದರೆ ಮನೆಯಲ್ಲಿ ಪ್ರಯೋಗ ಮಾಡಬೇಡಿ. ಪ್ರಾಣಿಗಳಲ್ಲಿ ಭರವಸೆ ಮೂಡಿಸಿದ ಈ ಉಪಾಯದಿಂದ 2015ರ ಎರಡು ದೊಡ್ಡ ಅಧ್ಯಯನಗಳಲ್ಲೂ 2019ರ ಇನ್ನೊಂದರಲ್ಲೂ ರೋಗಿಗಳಿಗೆ ಲಾಭ ಕಾಣಲಿಲ್ಲ.

ಮೂರನೆಯದು ನೋವು ಬರುವುದಕ್ಕೆ ಮುಂಚಿನ, ದಿನನಿತ್ಯದ ಕೆಲಸ. ಹೃದಯದಲ್ಲಿ ಬೀಟಾ ಗ್ರಾಹಿಗಳೂ ಇವೆ. ಅಡ್ರಿನಲಿನ್ ಎಂಬ ಹಾರ್ಮೋನು ಬಂದು ಅವನ್ನು ತಟ್ಟಿದರೆ ಬಡಿತ ಏರುತ್ತದೆ, ಆಮ್ಲಜನಕ ಹೆಚ್ಚು ಬೇಕಾಗುತ್ತದೆ. ಮೆಟೊಪ್ರೊಲಾಲ್‌ನಂಥ ಮಾತ್ರೆಗಳು ಆ ಗ್ರಾಹಿಗಳನ್ನು ಆಕ್ರಮಿಸಿ ಬಡಿತವನ್ನು ಹದದಲ್ಲಿಡುತ್ತವೆ. ಈ ಬಗೆಯ ಔಷಧಿಯನ್ನು ರೂಪಿಸಿದ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರ ನೊಬೆಲ್ ಪುರಸ್ಕಾರದಲ್ಲಿ ಪಾಲು ದೊರೆಯಿತು. ಆದರೆ ಗ್ರಾಹಿಗಳನ್ನು ಬಹಳ ದಿನ ಮುಚ್ಚಿಟ್ಟರೆ ಜೀವಕೋಶ ಇನ್ನಷ್ಟು ಹೊಸ ಗ್ರಾಹಿಗಳನ್ನು ಎಬ್ಬಿಸುತ್ತದೆ. ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಅವೆಲ್ಲ ಒಮ್ಮೆಲೇ ತೆರೆದುಕೊಳ್ಳುತ್ತವೆ.

ರೇಷ್ಮೆ ನೂಲು ಬಿಚ್ಚಾಣಿಕೆ ನಡೆಸುವ ನಮ್ಮ ದೊಡ್ಡಪ್ಪ ‘ಈಗ ಚೆನ್ನಾಗಿದ್ದೇನಲ್ಲ’ ಎಂದು ಮದುವೆ ಓಡಾಟದಲ್ಲಿ ಎಂಟು ದಿನ ಮಾತ್ರೆ ಬಿಟ್ಟಿದ್ದರು. ಒಂಬತ್ತನೆಯ ದಿನ ಎದೆ ಬಿಗಿಯಿತು, ಬಡಿತ ಓಡತೊಡಗಿತು. ಗೋಡೆಗೂಡಿನಲ್ಲಿ ಖಾಲಿ ಸ್ಟ್ರಿಪ್ ಇತ್ತು. ಅಂಗಡಿಯಲ್ಲಿ ತೋರಿಸಿ ಅದೇ ಮಾತ್ರೆ ತರಬೇಕೆಂದು ನಾಲ್ಕಾಗಿ ಮಡಿಚಿ ಜೋಪಾನ ಮಾಡಿದ್ದರು. ಸಕಾಲಕ್ಕೆ ಆಸ್ಪತ್ರೆ ಸೇರಿ ಉಳಿದರು.

ಮಾತ್ರೆ ನಿಲ್ಲಿಸಲೇಬೇಕಾದರೆ ವೈದ್ಯರು ಒಂದೆರಡು ವಾರಗಳಲ್ಲಿ ಹಂತ ಹಂತವಾಗಿ ಇಳಿಸುತ್ತಾರೆ. ಉಬ್ಬಸ ಇರುವವರು ಅದನ್ನು ಅವರಿಗೆ ಮೊದಲೇ ತಿಳಿಸಬೇಕು. ಈಗ ನಮ್ಮ ದೊಡ್ಡಮ್ಮ ಸ್ಟ್ರಿಪ್ಪಿನಲ್ಲಿ ಐದು ಮಾತ್ರೆ ಉಳಿದ ದಿನವೇ ಕ್ಯಾಲೆಂಡರಿನ ಮೇಲೆ ಕುಂಕುಮದ ಬೊಟ್ಟಿಟ್ಟು, ಪೇಟೆಗೆ ಹೋಗುವವರ ಕೈಗೆ ಚೀಟಿ ಕೊಟ್ಟುಬಿಡುತ್ತಾರೆ.