ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ?

ಸ್ಟ್ರೋಕ್ ಅಂತ ಅನುಮಾನ ಇರುವವರನ್ನು ಒಳಗೆ ತಂದ ಕೂಡಲೇ ಮನೆಯವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಇದು. ಏನಾಯ್ತು ಅಂತ ಆಮೇಲೆ ಕೇಳುತ್ತೇನೆ. ಅದು ಮುಖ ನೋಡಿದರೇ ಅರ್ಧ ಗೊತ್ತಾಗುತ್ತದೆ. ಗಂಟೆ ಮಾತ್ರ ಜೊತೆಯಲ್ಲಿ ಇದ್ದವರೇ ಹೇಳಬೇಕು.

ಎಮರ್ಜೆನ್ಸಿ ವಾರ್ಡಿನಲ್ಲಿ ನನ್ನದು 16 ವರ್ಷದ ಕೆಲಸ. ಒಂದು ಬೆಳಗ್ಗೆ 8:10ಕ್ಕೆ 58 ವರ್ಷದ ಒಬ್ಬರನ್ನು ಕರೆತಂದರು. ಬಲಗೈ ಜೋತುಬಿದ್ದಿತ್ತು, ಬಾಯಿ ಎಡಕ್ಕೆ ಎಳೆದಿತ್ತು. ನನ್ನ ವಾಚು ತೋರಿಸಿ "ಇದೇನು?" ಅಂದೆ. "ಅದು... ಅದೇ... ಹೊತ್ತು..." ಅಂದು ನಿಲ್ಲಿಸಿದರು. ಅದೇನು ಅಂತ ಅವರಿಗೆ ಗೊತ್ತು, ಹೆಸರು ಮಾತ್ರ ಬರುತ್ತಿಲ್ಲ.

"ಏಳು ಗಂಟೆಗೆ ಎದ್ದಾಗಲೇ ಹೀಗಿದ್ರು ಡಾಕ್ಟ್ರೇ" ಅಂದ ಮಗ. ರಾತ್ರಿ ಮಲಗಿದ್ದು ಎಷ್ಟೊತ್ತಿಗೆ? ಹತ್ತಕ್ಕೆ. ಅಲ್ಲಿಗೆ ನಮ್ಮ ಲೆಕ್ಕ ಕೆಟ್ಟಿತು. ಎದ್ದಾಗ ಕಂಡಿತು ಅಂದರೆ ಎದ್ದಾಗಲೇ ಆಯಿತು ಅಂತಲ್ಲ. ನಿದ್ದೆಯಲ್ಲಿ ಯಾವಾಗ ಬೇಕಾದರೂ ಆಗಿರಬಹುದು. ಹಾಗಾಗಿ ನಮ್ಮ ಗಡಿಯಾರ ರಾತ್ರಿ ಹತ್ತರಿಂದಲೇ ಶುರುವಾಗುತ್ತದೆ. ಅಲ್ಲಿಂದ ಎಣಿಸಿದರೆ ಆಗಲೇ ಹತ್ತು ಗಂಟೆಗೂ ಜಾಸ್ತಿ ಹೊತ್ತು ಕಳೆದಿತ್ತು.

ಅಷ್ಟರಲ್ಲಿ ಹಿಂದೆ ನಿಂತಿದ್ದ ಹೆಂಡತಿ ಮೆಲ್ಲಗೆ ಅಂದರು: "ಐದು ಗಂಟೆಗೆ ನನ್ನ ಅಲಾರಂ ಹೊಡೀತು. 'ಅದನ್ನ ಆಫ್ ಮಾಡೇ, ಇನ್ನೂ ಕತ್ತಲೆ' ಅಂದ್ರು."

"ಮಾತು ಸ್ಪಷ್ಟ ಇತ್ತಾ?"

"ದಿನಾ ಬೈಯೋ ಹಾಗೇ ಬೈದ್ರು. ಆಮೇಲೆ ತಾವೇ ಎದ್ದು ಬಾತ್‌ರೂಮಿಗೆ ಹೋಗಿ ಬಂದು ಮಲಗಿದ್ರು."

ಆ ಒಂದು ಬೈಗುಳದಿಂದ ನಮ್ಮ ಲೆಕ್ಕದಲ್ಲಿ ಏಳು ಗಂಟೆ ಕಡಿಮೆಯಾಯಿತು. ಸ್ಕ್ಯಾನಿನಲ್ಲಿ ರಕ್ತಸ್ರಾವ ಇರಲಿಲ್ಲ, ಶುಗರ್ ಸರಿಯಿತ್ತು, ಬಿಪಿ 178/100. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟಾಗ 8:48. ಐದರಿಂದ ಎಣಿಸಿದರೆ ಮೂರು ಗಂಟೆ 48 ನಿಮಿಷ.

ಇಷ್ಟೊಂದು ನಿಮಿಷದ ಲೆಕ್ಕ ಯಾಕೆ ಅಂತ ಅನಿಸಬಹುದು. ಸ್ಟ್ರೋಕಿನಲ್ಲಿ ಎರಡು ಬಗೆ. ಮಿದುಳಿನ ರಕ್ತನಾಳ ಹೆಪ್ಪಿನಿಂದ ಕಟ್ಟಿಕೊಳ್ಳುವುದು ಒಂದು, ನಾಳ ಒಡೆದು ರಕ್ತ ಸೋರುವುದು ಇನ್ನೊಂದು. ಜಾಸ್ತಿ ಕಾಣುವುದು ಮೊದಲನೆಯದು. ದೊಡ್ಡ ನಾಳ ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಅಂತ 2006ರಲ್ಲಿ ಒಂದು ಲೆಕ್ಕ ಬಂತು. ಹೆಪ್ಪು ಕರಗಿಸುವ ಔಷಧಿಯಿಂದ ಉಪಯೋಗ ಇದೆ ಅಂತ ಗಟ್ಟಿಯಾಗಿ ತೋರಿಸಿದ ಪ್ರಯೋಗ 1995ರದ್ದು. ಆಗ ಇದ್ದ ಗಡುವು ಮೂರು ಗಂಟೆ. 2008ರಲ್ಲಿ ಅದು ನಾಲ್ಕೂವರೆ ಗಂಟೆಗೆ ಏರಿತು. ಆದರೆ ಅದೇ ಔಷಧಿ ಮಿದುಳಿನಲ್ಲಿ ರಕ್ತ ಸೋರುವಂತೆಯೂ ಮಾಡಬಲ್ಲದು. 1995ರ ಪ್ರಯೋಗದಲ್ಲಿ ನೂರರಲ್ಲಿ ಆರು ಜನರಿಗೆ ಹಾಗಾಗಿತ್ತು. ಹೊತ್ತು ಮೀರಿದಷ್ಟೂ ಉಪಯೋಗ ಕಡಿಮೆ, ಅಪಾಯ ಜಾಸ್ತಿ. ಅದಕ್ಕೇ ಅಂದಾಜಿನ ಗಂಟೆ ಹೇಳಿದರೆ ನನಗೆ ಸಾಲದು. ಎಷ್ಟೋ ಸಲ ಮನೆಯವರ ಫೋನು ಇಸ್ಕೊಂಡು, ರೋಗಿ ಕೊನೆಗೆ ಮಾತಾಡಿದ ಕರೆ ಎಷ್ಟು ಗಂಟೆಯದು ಅಂತ ನೋಡಿದ್ದೇನೆ.

ದೊಡ್ಡ ನಾಳದ ಹೆಪ್ಪನ್ನು ತೊಡೆಯ ಸಂದಿಯಿಂದ ತೆಳು ನಳಿಕೆ ತೂರಿಸಿ ಎಳೆದು ತೆಗೆಯುವ ದಾರಿಯೂ ಈಗ ಇದೆ. ಸ್ಕ್ಯಾನಿನಲ್ಲಿ ಇನ್ನೂ ಉಳಿಸಬಹುದಾದ ಭಾಗ ಕಂಡರೆ, ಆಯ್ದ ಕೆಲವರಿಗೆ 24 ಗಂಟೆಯವರೆಗೂ ಮಾಡುತ್ತಾರೆ. ಇದನ್ನು ಕೇಳಿ "ಹಾಗಾದ್ರೆ ನಾಳೆ ಹೋದ್ರೂ ಆಯ್ತು" ಅಂದುಕೊಂಡವರನ್ನೂ ಕಂಡಿದ್ದೇನೆ. ದಯವಿಟ್ಟು ಬೇಡ. ಆ ಕೆಲವರಲ್ಲಿ ನೀವು ಇರುತ್ತೀರೋ ಇಲ್ಲವೋ ಯಾರಿಗೆ ಗೊತ್ತು?

ಜನ ತಡ ಮಾಡೋದು ಅಸಡ್ಡೆಯಿಂದ ಅಂತ ನಾನೂ ಮೊದಲು ತಿಳಿದಿದ್ದೆ. ಹಾಗಲ್ಲ. ಈ ಕಾಯಿಲೆ ನೋಯುವುದಿಲ್ಲ, ಅದೇ ತೊಂದರೆ. ರಕ್ತಸ್ರಾವ ಆದವರಿಗೆ ತಲೆ ಸಿಡಿಯುವಷ್ಟು ನೋವು ಬರಬಹುದು. ಹೆಪ್ಪು ಕಟ್ಟಿದವರಲ್ಲಿ ಹೆಚ್ಚಿನವರಿಗೆ ಕೈ ಸುಮ್ನೆ ಭಾರ ಅನಿಸುತ್ತದೆ, ಅಷ್ಟೇ. "ಕೈ ಮೇಲೆ ಮಲಗಿದ್ದೆ, ಜೋಮು ಹಿಡಿದಿದೆ" ಅಂತಾರೆ. ಇನ್ನೊಂದು ನಿದ್ದೆ ತೆಗೆದರೆ ಸರಿಹೋಗುತ್ತೆ ಅಂತ ಮಲಗುತ್ತಾರೆ. ಮಿದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದವರದು ಇನ್ನೂ ವಿಚಿತ್ರ. ಎಡಗೈ ಎತ್ತಲು ಬರುತ್ತಿಲ್ಲ ಅನ್ನುವುದೇ ಕೆಲವರಿಗೆ ಗೊತ್ತಿರುವುದಿಲ್ಲ. "ನನಗೇನಾಗಿದೆ? ಚೆನ್ನಾಗೇ ಇದ್ದೀನಲ್ಲ" ಅಂತ ನನ್ನ ಮೇಲೇ ರೇಗಿದವರಿದ್ದಾರೆ. ಹಾಗಾಗಿ ರೋಗಿ "ಏನಿಲ್ಲ" ಅಂದರೆ ನಾನು ನಂಬುವುದಿಲ್ಲ.

ನಾನು ನೋಡುವ ರೀತಿ ಹೀಗೆ. ಹಲ್ಲು ಕಾಣುವ ಹಾಗೆ ನಗಿ ಅನ್ನುತ್ತೇನೆ. ತುಟಿ ಒಂದು ಕಡೆ ಮೇಲೇಳದಿದ್ದರೆ ಅನುಮಾನ. ಆಮೇಲೆ ಕಣ್ಣು ಮುಚ್ಚಿಸಿ, ಅಂಗೈ ಮೇಲ್ಮುಖ ಮಾಡಿ ಎರಡೂ ಕೈ ಮುಂದೆ ಚಾಚಿಸಿ ಹತ್ತು ಎಣಿಸುತ್ತೇನೆ. ಸೋತ ಕೈ ಒಮ್ಮೆಲೇ ಬೀಳುವುದಿಲ್ಲ. ಮೊದಲು ಅಂಗೈ ಒಳಕ್ಕೆ ತಿರುಗುತ್ತದೆ, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಆ ತಿರುಗುವುದನ್ನು ಹಿಡಿಯಲು ನನಗೆ ಎರಡು ವರ್ಷ ಬೇಕಾಯಿತು. ನೀವು ಅಷ್ಟು ಸೂಕ್ಷ್ಮ ನೋಡಬೇಕಿಲ್ಲ, ಒಂದು ಕೈ ಇಳಿದರೆ ಸಾಕು. ಕೊನೆಗೆ ಒಂದು ವಾಕ್ಯ ಹೇಳಿಸಿ. ತೊದಲಬಹುದು, ಅಥವಾ ಸ್ಪಷ್ಟವಾಗಿ ಏನೇನೋ ಸಂಬಂಧವಿಲ್ಲದ್ದು ಹೇಳಬಹುದು. ಎರಡೂ ಲಕ್ಷಣವೇ. ಇದ್ದಕ್ಕಿದ್ದಂತೆ ನಡಿಗೆ ತೂರಾಡಿದರೆ, ದೃಷ್ಟಿ ಮಸುಕಾದರೆ ಅಥವಾ ಒಂದು ಎರಡಾಗಿ ಕಂಡರೂ ಅಷ್ಟೇ.

ಇವುಗಳಲ್ಲಿ ಒಂದು ಕಂಡರೂ ಗಂಟೆ ಬರೆದಿಟ್ಟುಕೊಂಡು ಆಂಬುಲೆನ್ಸಿಗೆ ಫೋನ್ ಮಾಡಿ. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಹೋಗಿ. ನೀರು ಕುಡಿಸಬೇಡಿ, ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಆಸ್ಪಿರಿನ್ ಕೊಡಬೇಡಿ, ನಾಳ ಒಡೆದಿದೆಯೋ ಕಟ್ಟಿದೆಯೋ ಸ್ಕ್ಯಾನ್ ಆಗುವವರೆಗೆ ನನಗೂ ಗೊತ್ತಿರುವುದಿಲ್ಲ. ಬಿಪಿ ಜಾಸ್ತಿ ಇದೆ ಅಂತ ಎರಡೆರಡು ಮಾತ್ರೆ ನುಂಗಿಸುವುದಂತೂ ಬೇಡವೇ ಬೇಡ. ಕಟ್ಟಿಕೊಂಡ ನಾಳದ ಸುತ್ತ ಅಷ್ಟೋ ಇಷ್ಟೋ ರಕ್ತ ಹರಿಯುತ್ತಿರುವುದೇ ಆ ಒತ್ತಡದಿಂದ. ತಟ್ಟನೆ ಇಳಿಸಿದರೆ ಅದೂ ನಿಲ್ಲುತ್ತದೆ. ಒಂದೇ ಮಾತಿನಲ್ಲಿ ಹೇಳೋದಾದರೆ, ಮಾತ್ರೆ ಡಬ್ಬಿ ಜೊತೆಗೆ ತನ್ನಿ, ಅದರಿಂದ ಕೊಡಬೇಡಿ. ರಕ್ತ ತೆಳು ಮಾಡುವ ಮಾತ್ರೆ ಅದರಲ್ಲಿ ಇದೆಯಾ ಅಂತ ನಾವು ನೋಡಬೇಕು.

ಇಷ್ಟೆಲ್ಲ ಬರೆಯುವ ನಾನೇ ಒಮ್ಮೆ ಎಡವಿದ್ದೇನೆ. ಕೆಲಸಕ್ಕೆ ಸೇರಿದ ಹೊಸದು. ಚಿಕ್ಕಮ್ಮ ಫೋನ್ ಮಾಡಿ, "ಎಡಗಣ್ಣಿಗೆ ಯಾರೋ ಪರದೆ ಎಳೆದ ಹಾಗಾಯ್ತು ಕಣೋ, ಐದು ನಿಮಿಷಕ್ಕೆ ಸರಿಹೋಯ್ತು" ಅಂದರು. ಸರಿಹೋಯ್ತಲ್ಲ, ಬಿಡುವಾದಾಗ ಕಣ್ಣಿನ ಡಾಕ್ಟರಿಗೆ ತೋರಿಸಿ ಅಂದೆ. ಮೂರನೇ ದಿನ ಅವರ ಬಲಗೈ ಸೋತಿತು, ಮಾತು ನಿಂತಿತು. ಕುತ್ತಿಗೆಯ ಎಡನಾಳ ಕಿರಿದಾಗಿತ್ತು. ಕಣ್ಣಿಗೂ ಮಿದುಳಿಗೂ ರಕ್ತ ಹೋಗುವುದು ಅದರಿಂದಲೇ. ಅಲ್ಲಿಂದ ಕಿತ್ತುಬಂದ ಚೂರು ಮೊದಲ ದಿನ ಕಣ್ಣಿಗೆ ಹೋಗಿ ಕರಗಿತ್ತು, ಮೂರನೇ ದಿನ ಮಿದುಳಿಗೆ ಹೋಯಿತು. ಪುಸ್ತಕದಲ್ಲಿ ಇದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಚಿಕ್ಕಮ್ಮ ನನ್ನನ್ನು ಒಂದು ದಿನವೂ ದೂರಲಿಲ್ಲ. ಅವರ ಮಾತು ಪೂರ್ತಿ ಮರಳಲೇ ಇಲ್ಲ.

ಇಂಥ ಬಂದುಹೋಗುವ ಸ್ಟ್ರೋಕ್ ಆದಮೇಲೆ ಅಪಾಯ ಜಾಸ್ತಿ ಇರುವುದು ಮೊದಲ ಎರಡು ಮೂರು ದಿನಗಳಲ್ಲೇ. ಸರಿಹೋಯಿತು ಅಂತ ಮನೆಯಲ್ಲಿ ಉಳಿಯುವ ಹೊತ್ತಲ್ಲ ಅದು. ಅವತ್ತೇ ಹೋಗಿ ತೋರಿಸಿದರೆ ಔಷಧಿಯಿಂದಲೇ ಎಷ್ಟೋ ಸ್ಟ್ರೋಕ್ ತಡೆಯಬಹುದು.

ಬಾರದ ಹಾಗೆ ನೋಡಿಕೊಳ್ಳುವುದರಲ್ಲಿ ಬಿಪಿಯದ್ದೇ ದೊಡ್ಡ ಪಾಲು. ಸಿಗರೇಟು, ಶುಗರ್, ಕೊಲೆಸ್ಟ್ರಾಲ್ ಎಲ್ಲ ಇವೆ, ನಿಮಗೂ ಗೊತ್ತು. ಜನರಿಗೆ ಅಷ್ಟಾಗಿ ಗೊತ್ತಿಲ್ಲದ್ದು ನಾಡಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಒಂದು ನಿಮಿಷ ಎಣಿಸಿ. ತಾಳವೇ ಇಲ್ಲದೆ ಹೇಗೆಹೇಗೋ ಹೊಡೆಯುತ್ತಿದ್ದರೆ ಇಸಿಜಿ ಮಾಡಿಸಿ. ಹೃದಯದ ಮೇಲಿನ ಕೋಣೆ ಹಾಗೆ ಅದುರುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟುತ್ತದೆ. ಸ್ಟ್ರೋಕಿನ ಅಪಾಯ ಸುಮಾರು ಐದು ಪಟ್ಟಾಗುತ್ತದೆ.

ನನ್ನ ಬಿಪಿ ಗೊತ್ತಾದದ್ದೂ ಆಕಸ್ಮಿಕವೇ. ಹೊಸ ಯಂತ್ರ ಬಂದಿತ್ತು. ಕಲಿಯಲು ಬಂದ ಹುಡುಗಿಯರಿಗೆ ತೋರಿಸೋಣ ಅಂತ ನನ್ನ ತೋಳಿಗೇ ಪಟ್ಟಿ ಸುತ್ತಿದೆ. 152/96. "ಸರ್, ಮಿಷನ್ ಸರಿ ಇಲ್ಲ ಅನ್ಸುತ್ತೆ" ಅಂದಳು ಒಬ್ಬಳು. ನನಗೂ ಹಾಗೇ ಅನಿಸಿತು ಅನ್ನಿ. ಮನೆಯಲ್ಲಿ ಒಂದು ವಾರ ಕ್ರಮವಾಗಿ ನೋಡಿದೆ. ಐದು ನಿಮಿಷ ಮಾತಾಡದೆ ಕೂತು, ಬೆನ್ನು ಒರಗಿಸಿ, ಪಾದ ನೆಲಕ್ಕೂರಿ, ತೋಳು ಎದೆಯ ಮಟ್ಟಕ್ಕಿಟ್ಟು, ಒಂದು ನಿಮಿಷ ಬಿಟ್ಟು ಎರಡು ಸಲ. ಮನೆಯಲ್ಲಿ ನೋಡಿದಾಗ 135/85 ದಾಟಬಾರದು. ನನ್ನದು ಏಳು ದಿನವೂ ದಾಟಿತ್ತು. ಯಂತ್ರ ಸರಿಯಾಗೇ ಇತ್ತು.

ಮಾತ್ರೆ ಶುರುವಾಗಿ ಆರು ವರ್ಷ. ಉಪ್ಪು ಕಡಿಮೆ ಮಾಡಿದೆ, ನಡೆಯುತ್ತೇನೆ, ತೂಕ ಐದು ಕೆಜಿ ಇಳಿದಿದೆ. ಮಾತ್ರೆ ಹಲ್ಲುಜ್ಜುವ ಬ್ರಷ್ಷಿನ ಪಕ್ಕದಲ್ಲೇ ಇರುತ್ತದೆ. ಈಗ ಬಿಪಿ 126/80ರ ಆಸುಪಾಸು. "ನಾರ್ಮಲ್ ಬಂತಲ್ಲ, ಇನ್ನು ನಿಲ್ಲಿಸಬಹುದಲ್ವಾ?" ಅಂತ ಮನೆಯಲ್ಲಿ ಕೇಳುತ್ತಾರೆ. ನಾರ್ಮಲ್ ಬಂದಿರೋದು ಅದನ್ನು ನುಂಗುತ್ತಿರುವುದರಿಂದಲೇ ಅಂತ ಪ್ರತಿ ಸಲವೂ ಹೇಳುತ್ತೇನೆ. ಮುಂದಿನ ತಿಂಗಳು ಮತ್ತೆ ಕೇಳುತ್ತಾರೆ.