ಮುಂಡಗೋಡದ ಟಿಬೆಟನ್ ಮಕ್ಕಳ ಓದಿಗೆ ನೆರವು: ಮಾಡುವ ಬಗೆ

ಮುಂಡಗೋಡದ ಟಿಬೆಟನ್ ನಿರಾಶ್ರಿತರ ಶಿಬಿರ ಶುರುವಾದದ್ದು 1966ರಲ್ಲಿ. ಶಿರಸಿ, ಕಾರವಾರದವರು ಅಲ್ಲಿನ ಮಗುವೊಂದರ ಓದಿಗೆ ನೆರವಾಗಬೇಕೆಂದರೆ ಮೊದಲು ಶಾಲೆಯನ್ನೋ ಶಿಬಿರದ ಕಚೇರಿಯನ್ನೋ ಕೇಳಿ. ಮಗುವಿನ ಕೈಗೆ ದುಡ್ಡು ಕೊಡಬೇಡಿ.

ಹೆಚ್ಚಿನ ಗೊಂದಲ ಹೆಸರಿನದ್ದೇ. ಒಂದೇ ತರಗತಿಯಲ್ಲಿ ನಾಲ್ಕೈದು ‘ತೆನ್ಜಿನ್’ ಇರಬಹುದು, ಮನೆತನದ ಹೆಸರೂ ಸಾಮಾನ್ಯವಾಗಿ ಇರುವುದಿಲ್ಲ. ಬ್ಯಾಂಕಿನಿಂದ ಕಳಿಸುವಾಗ ಷರಾದಲ್ಲಿ ಹೆಸರಿನ ಜೊತೆ ತರಗತಿ, ದಾಖಲಾತಿ ಸಂಖ್ಯೆ ಬರೆಯಿರಿ. ಇಲ್ಲದಿದ್ದರೆ ಹಣ ಇನ್ನೊಬ್ಬರ ಲೆಕ್ಕಕ್ಕೆ ಹೋಗಬಹುದು. ಹದಿನಾರು ತುಂಬಿದವರಿಗೆ, ಇಲ್ಲಿ ವಾಸಿಸಲು ಸರ್ಕಾರ ಟಿಬೆಟನ್ನರಿಗೆ ಕೊಡುವ ನೋಂದಣಿ ಪತ್ರ (ಆರ್‌ಸಿ) ಬೇಕು. ಅದರಲ್ಲೂ ಅಂಕಪಟ್ಟಿಯಲ್ಲೂ ಹೆಸರಿನ ಅಕ್ಷರ ಒಂದೇ ಇದೆಯೇ ಎಂದು ಹತ್ತನೇ ತರಗತಿಯ ಪರೀಕ್ಷೆಗೆ ಮೊದಲೇ ನೋಡಿಸಿ. ಕಾಲೇಜಿನ ಕಿಟಕಿಯಲ್ಲಿ ನಿಂತಾಗ ತಿದ್ದಿಸುವುದು ತಲೆನೋವು.

₹2,000 ಮೀರಿದ ನಗದು ದೇಣಿಗೆಗೆ ಆದಾಯ ತೆರಿಗೆಯ 80ಜಿ ವಿನಾಯಿತಿಯಿಲ್ಲ, ಬಟ್ಟೆ–ಪುಸ್ತಕಕ್ಕೂ ಇಲ್ಲ. ಸಂಸ್ಥೆಗೆ 80ಜಿ ನೋಂದಣಿ ಇದೆಯೇ ಎಂದೂ ವಿಚಾರಿಸಿ. ವಿದೇಶಿ ಪೌರತ್ವ ಇರುವ ನೆಂಟರ ದೇಣಿಗೆಯನ್ನು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅನುಮತಿ ಇರುವ ಸಂಸ್ಥೆ ಮಾತ್ರ ಪಡೆಯಬಹುದು.

ವಸ್ತು ಕೊಡುವುದಾದರೆ ಮೇ ಕೊನೆಯೊಳಗೆ ರೇನ್‌ಕೋಟು, ಅಳತೆ ಕೇಳಿ ಚಪ್ಪಲಿ. ಹಳೇ ಬಟ್ಟೆಯ ಗಂಟು ಬೇಡ, ಅಲ್ಲಿ ಅದನ್ನು ವಿಂಗಡಿಸುವವರಾರು? ಸರಳ ಕನ್ನಡ ಕಥೆಪುಸ್ತಕಗಳು ಒಳ್ಳೆಯದು.

ಒಂದು ವರ್ಷ ಕೊಟ್ಟು ನಿಲ್ಲಿಸುವುದಕ್ಕಿಂತ ಪಿಯುಸಿಯ ಎರಡೂ ವರ್ಷ ಒಪ್ಪಿಕೊಳ್ಳಿ. ಮೊತ್ತ ಸಣ್ಣದಾದರೂ ಅಡ್ಡಿಯಿಲ್ಲ.